ಬೆಣೆ ಹಾಕಿದ ಕಪಾಟು

"ಅಲ್ಲಿ ಕೈ ಇಡಬೇಡಿ..."

ಅವನು ಹೇಳುವಷ್ಟರಲ್ಲಿ ಅವಳು ಇಟ್ಟಾಗಿತ್ತು. ಆಗಷ್ಟೇ ಪಾಲಿಶ್ ಹಚ್ಚಿದ್ದ ಮೇಜಿನ ಮೇಲೆ ಅವಳ ಐದೂ ಬೆರಳು ಅಚ್ಚುಕಟ್ಟಾಗಿ ಮೂಡಿದವು.

"ಅಯ್ಯೋ, ಈಗ ತೆಗೀಲಾ?"

"ತೆಗೆದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಯಾರೋ ಆಶೀರ್ವಾದ ಮಾಡಿದಾರೆ ಅಂತ ಹೇಳಿ ಮಾರ್ತೀನಿ."

ಬಡಗಿಯ ತುಟಿ ನಗಲಿಲ್ಲ, ಕಣ್ಣು ನಕ್ಕಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತೇಹೋಯಿತು.

ಅವಳನ್ನು ಚಿಕ್ಕಮ್ಮ ಕರೆಯುವುದು ಗಡಿಬಿಡಿ ಎಂದು. ಹೆಸರಿಗೆ ತಕ್ಕವಳೇ. ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸ. ಒಂದು ಊರಿನಲ್ಲಿ ಕಟ್ಟಡ ಎದ್ದರೆ ಇನ್ನೊಂದು ಊರು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಪುಸ್ತಕಗಳು ವರ್ಷಗಳಿಂದ ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು. ಈಗ ಚಿಕ್ಕಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಇರುವಾಗ, ಮೊದಲ ಸಲ, ಒಂದು ಕಪಾಟು ಬೇಕೆನ್ನಿಸಿತ್ತು. ಗಟ್ಟಿ ಮರದ್ದು, ಒಂದೂ ಮೊಳೆಯಿಲ್ಲದ್ದು.

ಅವಳು ಬಿಡಿಸಿ ತಂದಿದ್ದ ಕಪಾಟಿನ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ ಬಡಗಿ, ಎರಡು ಮಾದರಿ ತುಂಡುಗಳನ್ನು ಮುಂದಿಟ್ಟ.

"ಇದು ಪಾರಿವಾಳದ ಬಾಲದ ಹಾಗೆ ಕತ್ತರಿಸಿದ ಕೀಲು. ಅಂಟು ಹಾಕಿ ಕೂರಿಸಿದ್ರೆ ಮುಗೀತು, ಮತ್ತೆ ಬಿಡಿಸೋಕೆ ಆಗಲ್ಲ. ಇದು ಬೆಣೆ ಕೀಲು. ಹಲಗೆ ತುದಿ ಪಕ್ಕದ ಹಲಗೆಯಿಂದ ಆಚೆ ಇಣುಕುತ್ತೆ, ಅದಕ್ಕೊಂದು ಕಪ್ಪು ಮರದ ಬೆಣೆ. ನೋಡೋಕೆ ಚೆನ್ನ. ಬೆಣೆ ತೆಗೆದ್ರೆ ಕಪಾಟೇ ಬಿಚ್ಚಿಕೊಳ್ಳುತ್ತೆ."

"ಬಿಡಿಸೋಕೆ ಆಗದ್ದೇ ಇರಲಿ," ಎಂದಳು ಅವಳು.

ಆಮೇಲೆ ಸಂಜೆಯಾದರೆ ಕಾಲು ತಾನಾಗಿಯೇ ಆ ಬೀದಿಗೆ ತಿರುಗುತ್ತಿತ್ತು. ಇವತ್ತು ಮೇಲಿನ ಗೂಡು ಒಂದು ಬೆರಳು ಎತ್ತರವಾಗಲಿ ಎನ್ನುವಳು, ನಾಳೆ ಬೇಡ ಎನ್ನುವಳು. ಅವನು ಗೆರೆ ಅಳಿಸಿ ಮತ್ತೆ ಎಳೆಯುವನು. ಪಕ್ಕದಲ್ಲಿ, ಒಂಟಿಯಾಗಿರುವ ನಿವೃತ್ತ ಮೇಷ್ಟ್ರೊಬ್ಬರ ಬೆಣೆ ಕಪಾಟು ಸಿದ್ಧವಾಗುತ್ತಿತ್ತು. ಅದರ ಒಳಬದಿಗೆ ಅವನು ಸಣ್ಣ ಮರದ ಪಟ್ಟಿಗಳನ್ನು ಕೂರಿಸುತ್ತಿದ್ದ.

"ಇವು ಯಾಕೆ?"

"ಬೆಣೆ ಹೊಡೆಯೋ ತನಕ ಹಲಗೆ ಈ ಪಟ್ಟಿ ಮೇಲೆ ತಾನೇ ನಿಂತಿರುತ್ತೆ. ಪಾಪ, ಒಬ್ಬರೇ ಇರೋರು. ಹಿಡ್ಕೊಳ್ಳೋಕೆ ಯಾರನ್ನ ಕರೀತಾರೆ?"

ಎಷ್ಟು ಯೋಚಿಸುತ್ತಾನೆ ಈ ಮನುಷ್ಯ... ಮನೆಗೆ ಬಂದರೂ ಆ ಮಾತೇ ಕಿವಿಯಲ್ಲಿತ್ತು.

ಅಷ್ಟರಲ್ಲಿ ದೂರದ ಊರಿನಿಂದ ಕೆಲಸದ ಕರೆ ಬಂತು. ಸೋಮವಾರ ಉತ್ತರ ಹೇಳಬೇಕಿತ್ತು. ಅವಳು ಓಡಿದ್ದು ಬಡಗಿಯ ಬಳಿಗೆ. ಸುದ್ದಿ ಹೇಳಿ ಅವನ ಕೈಯನ್ನೇ ನೋಡುತ್ತ ನಿಂತಳು. ಉಳಿ ಒಂದು ಕ್ಷಣ ನಿಂತಿತು.

"ಒಳ್ಳೇ ಕೆಲಸಾನಾ?"

"ಒಳ್ಳೇದೇ."

"ಸರಿ," ಎಂದ. ಉಳಿ ಮತ್ತೆ ಸರಿಯಿತು.

ಸರಿ! ಇಷ್ಟೇನಾ? 'ಹೋಗಬೇಡಿ' ಅನ್ನುವ ಒಂದು ಮಾತಿಗೆ ಇವನ ಬಾಯಲ್ಲಿ ಬರಗಾಲವೇ?

ಶನಿವಾರ ಅವನು ಕಪಾಟಿನ ಬಿಡಿ ಹಲಗೆಗಳನ್ನು ಹೊತ್ತು ಮಹಡಿಗೆ ಬಂದ. ಜೊತೆಗೊಂದು ಬಟ್ಟೆಯ ಚೀಲ. ಅವಳು ಅದನ್ನು ಬಿಚ್ಚಿದಳು. ಒಳಗೆ ಕಪ್ಪು ಬೆಣೆಗಳು.

"ನಾನು ಕೇಳಿದ್ದು ಇದಲ್ಲ."

"ಹೋಗುವಾಗ ಬಿಚ್ಚಿ ತಗೊಂಡು ಹೋಗಬಹುದು ಅಂತ..."

"ನನ್ನ ಒಂದು ಮಾತು ಕೇಳಿದ್ರಾ? ಅಷ್ಟು ಅವಸರಾನಾ ನನ್ನ ಕಳಿಸೋಕೆ?"

ಅವನು ಏನೋ ಹೇಳಲು ಬಾಯಿ ತೆರೆದ.

"ಬೇಡ. ಜೋಡಿಸೋದೂ ಬೇಡ. ಇಟ್ಟು ಹೋಗಿ."

ಅವನು ಬೆಣೆ ಹೊಡೆಯುವ ಕೊಡತಿಯನ್ನು ಹಲಗೆಗಳ ಮೇಲಿಟ್ಟು ಮೆಟ್ಟಿಲಿಳಿದ. ಕಿಟಕಿಯಲ್ಲಿ ನಿಂತು, ಅವನು ಬೀದಿ ತಿರುಗುವ ತನಕ ನೋಡಿದವಳಿಗೆ ಸಿಟ್ಟು ಅವನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ.

ಭಾನುವಾರ ತಾನೇ ಜೋಡಿಸಲು ಹೊರಟಳು. ಬಲತುದಿ ಕೂತರೆ ಎಡತುದಿ ಜಾರುತ್ತಿತ್ತು. ಎಡತುದಿ ಹಿಡಿದರೆ ಪಕ್ಕದ ಹಲಗೆಯೇ ವಾಲುತ್ತಿತ್ತು. ಕೊನೆಗೆ ಒಂದು ಹಲಗೆ ಕಾಲ್ಬೆರಳಿನ ಮೇಲೇ ಬಿತ್ತು.

"ಕಾಲು ಸುಟ್ಟ ಬೆಕ್ಕಿನ ಹಾಗೆ ಬೆಳಗ್ಗಿಂದ ಏನೇ ನಿನ್ನ ಸದ್ದು?" ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು.

"ಈ ಕಡೆ ಒಂಚೂರು ಹಿಡ್ಕೋ ಚಿಕ್ಕಮ್ಮ."

"ನನ್ನ ಸೊಂಟಕ್ಕೇ ಒಂದು ಬೆಣೆ ಬೇಕಾಗಿದೆ. ಮಾಡಿದವನನ್ನೇ ಕರಿ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಆಮೇಲೆ ಬರುತ್ತಾ?"

ಅವಳು ನೆಲದ ಮೇಲೆ ಕೂತು ಕಾಲ್ಬೆರಳು ಒತ್ತಿಕೊಂಡಳು. ಎದುರಿಗೆ ಹಲಗೆಯ ಒಳಬದಿ ನುಣ್ಣಗೆ, ಖಾಲಿಯಾಗಿ ಕಾಣಿಸಿತು. ಅದನ್ನೇ ನೋಡಿದಳು. ಮತ್ತೊಂದು ಹಲಗೆ ತಿರುಗಿಸಿದಳು. ಅದರಲ್ಲೂ ಇಲ್ಲ.

ಪಟ್ಟಿಗಳೇ ಇರಲಿಲ್ಲ.

ಚಪ್ಪಲಿ ಮೆಟ್ಟಲೂ ಮರೆತು ಓಡಿದಳು. ಅವನು ಅವಳ ಬೆರಳು ಮೂಡಿದ್ದ ಮೇಜಿನ ಮುಂದೆ ಸುಮ್ಮನೆ ಕೂತಿದ್ದ. ಉಜ್ಜುವ ಕಾಗದ ಕೈಯಲ್ಲಿತ್ತು, ಆದರೆ ಉಜ್ಜಿರಲಿಲ್ಲ.

"ಮೇಷ್ಟ್ರ ಕಪಾಟಿಗೆ ಹಾಕಿದ ಪಟ್ಟಿ ನನ್ನದಕ್ಕೆ ಯಾಕಿಲ್ಲ?"

"ಮರೆತೆ."

"ಸುಳ್ಳು. ನೀವು ಮರೆಯೋರಲ್ಲ."

ಅವನು ತಲೆ ತಗ್ಗಿಸಿದ.

"ಹೋಗಬೇಡಿ ಅನ್ನೋಕೆ ನಾನ್ಯಾರು? ಅದಕ್ಕೆ ಬೆಣೆ ಹಾಕ್ದೆ. ನಿಮ್ಮನ್ನ ಕೇಳದೆ ಬದಲಾಯಿಸಿದ್ದು ತಪ್ಪು. ಆದ್ರೆ ಪಟ್ಟಿ ಕೂರಿಸೋಕೆ ಕೈ ಬರಲಿಲ್ಲ. ಯಾವ ಊರಿಗೆ ಹೋದ್ರೂ ಅದನ್ನ ಜೋಡಿಸೋಕೆ ಇನ್ನೊಬ್ರು ಬೇಕಾಗಲಿ... ಆಗ ನನ್ನ ಕರೀತೀರೇನೋ ಅಂತ."

ಅವಳ ಕಣ್ಣು ತುಂಬಿ ಬಂತು.

"ಇದನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ನೀವೂ ಹೇಳಬಹುದಿತ್ತು."

ಅದೂ ನಿಜವೇ. ಅವಳು ಮೂಗೊರೆಸಿಕೊಂಡಳು.

"ಆ ಕೆಲಸಕ್ಕೆ ಬರಲ್ಲ ಅಂತ ನಾಳೆ ಹೇಳ್ತೀನಿ."

"ನನಗೋಸ್ಕರ ಕೆಲಸ ಬಿಡಬೇಡಿ."

"ನಿಮಗೋಸ್ಕರ ಮಾತ್ರ ಅಲ್ಲ. ನನಗೆ ಓಡಿ ಓಡಿ ಸಾಕಾಗಿದೆ. ನಿಲ್ಲೋಕೆ ಒಂದು ನೆಪ ಬೇಕಿತ್ತು. ನೆಪಾನೇ ಬಾಯಿ ಬಿಡ್ತಿರಲಿಲ್ಲ."

ಈ ಸಲ ಅವನ ತುಟಿಯೂ ನಕ್ಕಿತು.

ಸಂಜೆಯ ಹೊತ್ತಿಗೆ ಕಪಾಟು ನಿಂತಿತು. ಅವನು ಹಲಗೆಗಳನ್ನು ಹಿಡಿದ, ಅವಳು ಬೆಣೆ ಹೊಡೆದಳು. ಕೊನೆಯ ಬೆಣೆಗೆ ಅವಳು ಕೊಡತಿ ಎತ್ತುತ್ತಲೇ ಅವನು ಹೇಳಿದ:

"ಅಷ್ಟು ಜೋರಾಗಿ ಬೇಡ. ಮುಂದೆ ಬಿಚ್ಚಬೇಕಾಗುತ್ತೆ."

"ಯಾಕೆ? ನಾನೆಲ್ಲೂ ಹೋಗ್ತಿಲ್ಲವಲ್ಲ."

"ಈ ಕೋಣೆ ಇಬ್ಬರಿಗೆ ಸಾಲಲ್ಲ."

ಎತ್ತಿದ ಕೊಡತಿ ಅಲ್ಲೇ ನಿಂತಿತು. ಅವಳು ಅವನನ್ನು ನೋಡಿದಳು. ಅವನು ಹಲಗೆ ಹಿಡಿದುಕೊಂಡೇ ಉತ್ತರಕ್ಕೆ ಕಾಯುತ್ತಿದ್ದ.

"ಹಾಗಾದ್ರೆ ಮೆಲ್ಲಗೇ ಹೊಡೀತೀನಿ," ಎಂದಳು ಗಡಿಬಿಡಿ.