ಗುಬ್ಬಿಗೆ ಇನ್ನೊಬ್ಬರು ಬೇಕು

"ಒಬ್ಬರಿಗೇ ಕೊಡೋಕಾಗಲ್ಲ ಸಾರ್. ಸಂಸ್ಥೆ ಅಂದ್ರೆ ಕನಿಷ್ಠ ಇಬ್ಬರಾದ್ರೂ ಇರಬೇಕು."

ಅವಳು ಅವನಿಗೆ ಆಡಿದ ಮೊದಲ ಮಾತೇ ಇದು. ಯಾವ ಗಳಿಗೆಯಲ್ಲಿ ಬಾಯಿ ಬಿಟ್ಟಳೋ!

ಅವಳದು ಓಪನ್ ಸೋರ್ಸ್ ಭಂಡಾರದ ಕಚೇರಿಯಲ್ಲಿ ಕೆಲಸ. ಪ್ರೋಗ್ರಾಂ ಬರೆಯುವವರು ತಮ್ಮ ಸಿದ್ಧ ಪ್ರೋಗ್ರಾಂಗಳನ್ನು, ಅಂದರೆ ಪ್ಯಾಕೇಜುಗಳನ್ನು, ಯಾರು ಬೇಕಾದರೂ ಬಳಸಲೆಂದು ಅಲ್ಲಿ ತಂದಿಡುತ್ತಾರೆ. ಕಳ್ಳರು ಅಂಥದೇ ಹೆಸರಿನ ನಕಲಿ ತಂದಿಟ್ಟು ಜನರಿಗೆ ಟೋಪಿ ಹಾಕಬಾರದಲ್ಲ, ಅದಕ್ಕೇ ಸಂಸ್ಥೆಗಳು ಹೆಸರಿನ ಮೊದಲ ಪದವನ್ನು ಕಾಯ್ದಿರಿಸಿಕೊಳ್ಳಬಹುದು. ಆಮೇಲೆ ಆ ಪದದಿಂದ ಶುರುವಾಗುವ ಹೊಸದನ್ನು ಬೇರೆಯವರು ಇಡುವಂತಿಲ್ಲ.

ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವವನು. ಬಿಡುವಿನಲ್ಲಿ ಬರೆದದ್ದಕ್ಕೆಲ್ಲ ಗುಬ್ಬಿ-ಬಸ್ಸು, ಗುಬ್ಬಿ-ನಿಲ್ದಾಣ ಎಂದು ಹೆಸರಿಟ್ಟಿದ್ದ. ಆ ಗುಬ್ಬಿ ಪದವನ್ನು ಕಾಯ್ದಿರಿಸಲು ಬಂದಿದ್ದ. ಅವಳ ಕಚೇರಿಯಲ್ಲಿ ಅವನಿಗೂ ಗುಬ್ಬಿಯೆಂದೇ ಹೆಸರು ಬಿತ್ತು.

"ಇನ್ನೊಬ್ಬರು ಸಿಗೋ ತನಕ ಕಾಯ್ತೀನಿ ಬಿಡಿ," ಎಂದು ನಕ್ಕು ಹೋದವನು ಮರುದಿನ ಕೆಳಗಿನ ಟೀ ಅಂಗಡಿಯಲ್ಲಿ ಹಾಜರು.

"ಡಿಪೋ ಹತ್ರ ಟೀ ಸಿಗಲ್ವಾ?"

"ಟೀ ಸಿಗುತ್ತೆ. ಬಯ್ಯೋರು ಸಿಗಲ್ಲ."

ಲೋಟದ ಅಂಚಿನ ಮೇಲಿಂದ ಅವನು ಕಣ್ಣೆತ್ತಿದರೆ ಸಾಕು, ಅವಳ ಕಿವಿ ಬಿಸಿಯಾಗುತ್ತಿತ್ತು. ಟೀ ಮುಗಿದರೂ ಲೋಟ ಕೆಳಗಿಡಲು ಇಬ್ಬರಿಗೂ ಮನಸ್ಸಿರುತ್ತಿರಲಿಲ್ಲ.

ಅಷ್ಟರಲ್ಲಿ ಗುಬ್ಬಿ ಎಂಬ ಹೆಸರಿನದೇ ಒಂದು ದೊಡ್ಡ ಕೊರಿಯರ್ ಕಂಪನಿ ಆ ಪದವನ್ನು ಕೇಳಿ ಅರ್ಜಿ ಹಾಕಿತು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ! ಅರ್ಜಿ ಬಂದದ್ದು ಅವಳ ಮೇಜಿಗೇ.

"ಗುಬ್ಬಿ-ದಾರಿ ಮುಗೀತು," ಎಂದ ಅವನು. ಕಣ್ಣು ಕಾಣದವರಿಗೆ ಬಸ್ಸಿನಲ್ಲಿ ಮುಂದಿನ ನಿಲ್ದಾಣ ಕೂಗಿ ಹೇಳುವ, ಇನ್ನೂ ಭಂಡಾರಕ್ಕೆ ಹಾಕದ ಹೊಸ ಪ್ಯಾಕೇಜ್ ಅದು. "ಗುಬ್ಬಿ ಅಂತಿದ್ರೆ ಡಿಪೋದವರೆಲ್ಲ ಕಣ್ಣುಮುಚ್ಚಿ ಹಾಕ್ಕೋತಾರೆ. ಬೇರೆ ಹೆಸರಾದ್ರೆ ನಂಬಿಕೆ ಮೊದಲಿಂದ ಗಳಿಸಬೇಕು. ಅರ್ಜಿ ನೋಡೋರು ನೀವೇನಾ?"

"ಹೂಂ."

ಅವನು ಲೋಟ ಕೆಳಗಿಟ್ಟ. "ಹಾಗಾದ್ರೆ ನಾಳೆಯಿಂದ ನಾನು ಬರಲ್ಲ."

ಬರಲೂ ಇಲ್ಲ. ಅವಳು ಒಬ್ಬಳೇ ಟೀ ಕುಡಿಯುತ್ತ ಯೋಚಿಸಿದಳು. ಇಷ್ಟು ದಿನ ಬಂದದ್ದು ಹೆಸರಿಗಾಗಿಯೋ, ನನಗಾಗಿಯೋ?

ಕಚೇರಿಯಲ್ಲೊಂದು ಪದ್ಧತಿ. ಎರಡು ಕಡೆಯವರಲ್ಲಿ ಯಾರಾದರೂ ನಮಗೆ ಬೇಕಾದವರಿದ್ದರೆ, ವಿಚಾರಣೆಗೆ ಮುಂಚೆ ಎಲ್ಲರೆದುರು ಎದ್ದು ಹೇಳಬೇಕು. ಆಗ ಕಡತ ಪಕ್ಕದ ಮೇಜಿಗೆ. ಪಕ್ಕದ ಮೇಜಿನಲ್ಲಿ ಅಳತೆಗೋಲು ಅಕ್ಕ. ನೋಂದಾಯಿತ ಕಂಪನಿಗೇ ಹೆಸರು ಕೊಡುವುದು ಆಕೆಯ ಅಳತೆ. ಅದರಲ್ಲಿ ಕೂದಲೆಳೆ ಆಚೀಚೆ ಇಲ್ಲ. ಎದ್ದು ನಿಂತರೆ ಅವನ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಕಂಪನಿಯ ಅರ್ಜಿ ತಳ್ಳಿಹಾಕಿ ಹೆಸರು ಉಳಿಸಬಹುದು, ಆದರೆ ಅವನು ಯಾರೋ ಏನೋ ಎಂಬಂತೆ ಇದ್ದುಬಿಡಬೇಕು. ಅತ್ತ ದರಿ, ಇತ್ತ ಪುಲಿ.

ವಿಚಾರಣೆಯ ಕೋಣೆಗೆ ಕಿಟಕಿಯಿಲ್ಲ. ಒಂದು ಕಡೆ ಕಂಪನಿಯ ವಕೀಲರು, ಇನ್ನೊಂದು ಕಡೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವನು. ಅವಳ ಕಡೆ ನೋಡಲೇ ಇಲ್ಲ ಮಹಾರಾಯ!

"ಯಾರಿಗಾದ್ರೂ ಹೇಳೋದಿದ್ಯಾ?" ಅಕ್ಕ ರೂಢಿಯಂತೆ ಕೇಳಿದಳು.

ಅವಳು ತನಗರಿವಿಲ್ಲದೆಯೇ ಎದ್ದು ನಿಂತಳು. "ನನಗಿದೆ. ಅವರು ನನಗೆ ಬೇಕಾದವರು."

"ಏನು ಸಂಬಂಧ?"

"ಅವರಿಗಿನ್ನೂ ಗೊತ್ತಿಲ್ಲ ಅಕ್ಕ."

ವಕೀಲರು ಕೆಮ್ಮಿದರು. ಅವನು ನಿಧಾನವಾಗಿ ತಲೆಯೆತ್ತಿದ. "ಗೊತ್ತಿದೆ," ಎಂದ.

ಅಕ್ಕ ಕಡತ ಎಳೆದುಕೊಂಡು ಮಧ್ಯಾಹ್ನದೊಳಗೆ ತೀರ್ಪು ಕೊಟ್ಟಳು. ಹಳೆಯ ಪ್ಯಾಕೇಜುಗಳು ಇದ್ದಲ್ಲೇ ಇರಲಿ, ಹೊಸದೆಲ್ಲ ಕಂಪನಿಗೆ.

ಹೊರಗೆ ಮೆಟ್ಟಿಲ ಬಳಿ ಅವಳು ಅತ್ತುಬಿಟ್ಟಳು. "ನನ್ನಿಂದ ನಿಮ್ಮ ಗುಬ್ಬಿ ಹೋಯ್ತು."

"ನೀವು ಸುಮ್ಮನಿದ್ದು ಗೆಲ್ಲಿಸಿಬಿಡ್ತೀರೇನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ," ಎಂದ ಅವನು. "ಗೆದ್ದಿದ್ರೆ ಜೀವನಪೂರ್ತಿ ನಿಮ್ಮ ಪಕ್ಕ ನಿಲ್ಲೋ ಹಾಗಿರಲಿಲ್ಲ. ನಿಂತ ದಿನವೇ ಆ ತೀರ್ಪು ಸುಳ್ಳಾಗೋದು. ನೀವು ಮೋಸಗಾರ್ತಿ ಆಗ್ತಿದ್ರಿ. ಅದಕ್ಕೇ ಟೀ ಬಿಟ್ಟೆ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನಿಮ್ಮ ಬಾಯಿಂದ ನಾನೇ ಹೇಳಿಸಿದ ಹಾಗಾಗ್ತಿತ್ತು."

ಅವಳು ಮೂಗು ಒರೆಸಿಕೊಂಡಳು. "ಈಗ ಗುಬ್ಬಿ-ದಾರಿಗೆ ಏನು ಮಾಡ್ತೀರಿ?"

"ಹೊಸ ಹೆಸರು ಹುಡುಕ್ತೀನಿ, ಈ ಸಲ ಕಾಯ್ದಿರಿಸಿಯೇ ಇಡ್ತೀನಿ. ಆದ್ರೆ ಸಂಸ್ಥೆ ಅಂದ್ರೆ ಕನಿಷ್ಠ ಇಬ್ಬರು ಬೇಕಂತೆ." ಅದೇ ಲೋಟದಂಚಿನ ನೋಟ, ಈಗ ಮಧ್ಯೆ ಲೋಟವಿರಲಿಲ್ಲ. "ನೀವು ಬರ್ತೀರಾ?"

ಹಿಂದಿನಿಂದ ಅಕ್ಕನ ದನಿ ಕೇಳಿಸಿತು.

"ಬರ್ತಾಳೆ, ಬರ್ತಾಳೆ. ಅರ್ಜಿ ಮಾತ್ರ ನನ್ನ ಮೇಜಿಗೇ ಕೊಡಿ."