ಗುರಿ ಅರವತ್ತು, ಅಂಕ ನೂರಕ್ಕೆ ನೂರು

‘ದೃಕ್‌ಶೋಧಕ’ ಯಂತ್ರ ದಾವಲಸಾಬರ ಬಲಗಣ್ಣನ್ನು ಒಂಬತ್ತು ಸೆಕೆಂಡಿನಲ್ಲಿ ಅಳೆದು, ಹಸಿರು ದೀಪ ಹೊತ್ತಿಸಿ, ಶಸ್ತ್ರಚಿಕಿತ್ಸೆಗೆ ನೂರಕ್ಕೆ ನೂರು ಅಂಕ ಕೊಟ್ಟಿತು.

“ಆದ್ರ ನನಗ ಎದುರಿಗೆ ಬರೋ ಲಾರಿಗೆ ನಾಕು ದೀಪ ಕಾಣ್ತಾವರೀ,” ಎಂದರು ದಾವಲಸಾಬ.

ಅವರು ಹುಬ್ಬಳ್ಳಿಯ ಸಿಟಿ ಬಸ್ ಚಾಲಕರು. ಕಣ್ಣಿನ ಪೊರೆ ತೆಗೆದು ಹೊಸ ಮಸೂರ ಕೂರಿಸಿ ತಿಂಗಳಾಗಿತ್ತು. ಯಂತ್ರದ ಮಾತೇ ಕೊನೆಯ ಮಾತಾಗಿದ್ದ ಕಾಲ ಅದು. ಹದಿನೈದು ದಿನದೊಳಗೆ ಬಸ್ ಹತ್ತಿ, ಇಲ್ಲವೇ ಕೆಲಸ ಬಿಡಿ ಎಂದು ಡಿಪೋದವರು ಹೇಳಿಬಿಟ್ಟಿದ್ದರು.

ಕಣ್ಣಿನ ಮುಂದಿನ ಪಾರದರ್ಶಕ ಪಟಲ ಚೆಂಡಿನಂತೆ ಗುಂಡಗಿರದೆ, ಮೊಟ್ಟೆಯಂತೆ ಒಂದು ದಿಕ್ಕಿಗೆ ಹೆಚ್ಚು ಬಾಗಿದ್ದರೆ ನೋಟ ಕಲಸಿಹೋಗುತ್ತದೆ. ಇದೇ ಅಸಮದೃಷ್ಟಿ. ಬಾಗಿದ ದಿಕ್ಕಿಗೆ ‘ಓರೆಗೆರೆ’ ಎಂದು ಹೆಸರು. ಅದನ್ನು ಸೊನ್ನೆಯಿಂದ ನೂರ ಎಂಬತ್ತು ಡಿಗ್ರಿಯೊಳಗೆ ಅಳೆದು, ಮಸೂರವನ್ನು ಆ ಗೆರೆಗೇ ತಿರುಗಿಸಿ ಕೂರಿಸಬೇಕು.

ಯಂತ್ರವನ್ನು ರೂಪಿಸಿದ ಡಾ. ವೈಜಯಂತಿ ವರದಿ ತೋರಿಸಿದರು. “ಮೂರು ಸಲ ಅಳತಿ ಮಾಡೇವಿ. ನೂರಾ ಎಪ್ಪತ್ತೆಂಟು, ಒಂದು, ಒಂದು. ಸರಾಸರಿ ಅರವತ್ತು. ಮಸೂರ ಅರವತ್ತರಾಗೇ ಅದ. ತಪ್ಪೆಲ್ಲಿ ಅದ ಹೇಳ್ರಿ.”

“ಸೊನ್ನಿ ಅಂದ್ರ ಯಾವ ಗೆರಿ?”

“ಅಡ್ಡ ಮಲಗಿದ್ದು.”

“ನೂರಾ ಎಂಬತ್ತು?”

“ಅದೂ ಅದೇ ಗೆರಿ. ಅರ್ಧ ಸುತ್ತು ತಿರುಗಿ ಬಂದಿರತದ.”

ದಾವಲಸಾಬ ನಕ್ಕರು. “ಹಂಗಾರ ಇದು ಸರ್ಕ್ಯುಲರ್ ಬಸ್ಸು ಬಿಡ್ರಿ. ಮೊದಲನೇ ಸ್ಟಾಪು, ಕಡೇ ಸ್ಟಾಪು ಒಂದ ಕಡೆ. ಮೂರು ಮಂದಿ ಅಲ್ಲೇ ಕಾಯಾಕತ್ತಾರ. ನೀವು ಬಸ್ ಒಯ್ದು ಊರ ಆಚೆ ನಿಲ್ಲಿಸೀರಿ.”

ವೈಜಯಂತಿ ಮೂರೂ ಅಂಕಿಗಳನ್ನು ಮತ್ತೆ ನೋಡಿದರು. ಯಂತ್ರ ತಾನು ಹಾಕಿಕೊಟ್ಟ ಗುರಿಯನ್ನು ಮಸೂರ ಕೂತ ಜಾಗದೊಂದಿಗೆ ಹೋಲಿಸುತ್ತಿತ್ತು, ಅಷ್ಟೇ. ಗುರಿಯೇ ತಪ್ಪಿದ್ದರೂ ಅಂಕ ನೂರು. ತಾನೇ ಪ್ರಶ್ನೆ ಬರೆದು ತಾನೇ ಅಂಕ ಹಾಕಿಕೊಳ್ಳುವ ಈ ಪಾಂಡಿತ್ಯವನ್ನು ಎರಡು ವರ್ಷ ಒಬ್ಬ ಪದವೀಧರನೂ ಪ್ರಶ್ನಿಸಿರಲಿಲ್ಲ. ಪ್ರಶ್ನಿಸಿದ ರೋಗಿಗಳ ಕಡತದಲ್ಲಿ ವೈದ್ಯರು ‘ಮನೋಭ್ರಮೆ’ ಎಂದು ಬರೆದು ಕಳಿಸಿದ್ದರು.

ಮರುದಿನವೇ ಮಸೂರವನ್ನು ಸರಿಯಾದ ಗೆರೆಗೆ, ಅಂದರೆ ಸೊನ್ನೆಗೆ, ತಿರುಗಿಸಲಾಯಿತು. ವಾರದೊಳಗೆ ಲಾರಿಗೆ ಎರಡೇ ದೀಪ. ಸರಾಸರಿಯ ಲೆಕ್ಕವನ್ನೂ ವೈಜಯಂತಿ ತಿದ್ದಿದರು. ಆದರೆ ಒಮ್ಮೆ ಹಾಕಿದ ಗುರಿಯನ್ನು ಯಾರೂ ಬದಲಿಸದಂತೆ ಯಂತ್ರಕ್ಕೆ ಬೀಗ ಹಾಕಿದ್ದವರೂ ಅವರೇ. ವೈದ್ಯರು ಅಂಕದ ಆಸೆಗೆ ಅಂಕಿ ತಿರುಚಬಾರದೆಂದು. ದಾವಲಸಾಬರ ಗುರಿ ಅರವತ್ತಾಗಿಯೇ ಉಳಿಯಿತು. ಹೊಸ ವರದಿ ನೇರವಾಗಿ ಡಿಪೋಗೆ ಹೋಯಿತು.

ಡಿಪೋ ಮ್ಯಾನೇಜರು ಅದನ್ನು ಮೇಜಿನ ಮೇಲೆ ಹರಡಿ, “ಏನು ಬರದಾರೋ ಏನೋ, ಅಕ್ಷರ ಭಾಳ ಸಣ್ಣವು,” ಎನ್ನುತ್ತ ಕನ್ನಡಕಕ್ಕಾಗಿ ತಡಕಾಡತೊಡಗಿದರು.

ದಾವಲಸಾಬ ಬಾಗಿಲಲ್ಲೇ ನಿಂತು, ತಮಗೆ ತಲೆಕೆಳಗಾಗಿ ಕಾಣುತ್ತಿದ್ದ ಕಡೆಯ ಸಾಲನ್ನು ಓದಿ ಹೇಳಿದರು:

“ಮಸೂರ ಗುರಿ ತಪ್ಪಿದೆ, ಬಸ್ ನಡೆಸಲು ಅನರ್ಹ, ಅಂತ ಐತ್ರೀ ಸಾಹೇಬ್ರ.”