ಸುಳ್ಳಿಗೆ ಎತ್ತಿದ ಕೈ

"ನನ್ನನ್ನೇ ನೋಡು! ಬೇರೆಲ್ಲೂ ನೋಡ್ಬೇಡ. ನಾನಿದೀನಿ!"

ಅಲೆ ಸೀಳಿಕೊಂಡು ಬಂದ ಹುಡುಗ ಬ್ರಯೋನಿಯ ಮಣಿಕಟ್ಟು ಹಿಡಿದು ತೇಲುಹಲಗೆಯ ಮೇಲೆ ಎಳೆದುಕೊಂಡ. ತಲೆಯ ಮೇಲೆ ಕಡಲ ಕಾವಲುಪಡೆಯ ಕೆಂಪು-ಹಳದಿ ಟೋಪಿ. ಹೆಸರು ಅಂಗಸ್. ಅವಳದೇ ತರಗತಿ. ಪರೀಕ್ಷೆ ಪಾಸಾಗಿ ಅವನು ಕಾವಲಿಗೆ ನಿಂತ ಮೊದಲ ಭಾನುವಾರ ಅದು.

ಬ್ರಯೋನಿಯ ಎದೆ ಢವಢವ ಎಂದಿತು. ಅಯ್ಯೋ... ಇವನ ರೆಪ್ಪೆಯ ಮೇಲೂ ನೀರ ಹನಿ ನಿಂತಿದೆಯಲ್ಲ!

ಸೀನ್ ಏನೋ ಸೂಪರ್. ಆದರೆ ಹೀರೊಯಿನ್ ಮುಳುಗುತ್ತಲೇ ಇರಲಿಲ್ಲ! ಅವಳ ಕಾಲ ಕೆಳಗೆ ಮರಳು ಗಟ್ಟಿಯಾಗಿತ್ತು.

ಆ ಕಡಲೂರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವ ಪಾಠವೊಂದಿದೆ. ಕಾವಲುಪಡೆ ದಡದಲ್ಲಿ ನೆಟ್ಟ ಎರಡು ಬಾವುಟಗಳ ನಡುವೆ ಈಜು, ಕಷ್ಟಕ್ಕೆ ಸಿಕ್ಕರೆ ಒಂದು ಕೈ ಎತ್ತು. ಆ ಕೈ ಕಂಡರೆ ಕಾವಲಿನವರು ಬಾಯಿಗಿಟ್ಟ ತುತ್ತು ಬಿಟ್ಟು ಓಡುತ್ತಾರೆ. ಸುಮ್ಮಸುಮ್ಮನೆ ಯಾರೂ ಎತ್ತುವುದಿಲ್ಲ.

ಬ್ರಯೋನಿ ಎತ್ತಿದ್ದಳು. ಗೆಳತಿ ಪೈಪರ್ ಹೇಳಿದಳು ಅಂತ.

"ಹೊಸ ಹೀರೋ ಹೆಂಗೆ ಓಡ್ತಾನೆ ನೋಡೋಣ. ಕೈ ಎತ್ತೇ!"

"ಬೇಡ ಕಣೇ... ಅದು ತಪ್ಪು."

"ಓಹೋ, ಅಜ್ಜಿ ಮಾತಾಡ್ತಿದಾರೆ! ಅಜ್ಜೀ, ನಾಳೆಯಿಂದ ಬಸ್ಸಲ್ಲಿ ಮುಂದಿನ ಸೀಟು ನಿಮ್ದು. ಹಿಂದಿನ ಸೀಟು ನಮ್ಮಂಥ ಹುಡುಗೀರಿಗೆ!"

ಉಳಿದ ಹುಡುಗಿಯರು ಕಿಸಕ್ಕೆಂದರು. ಬ್ರಯೋನಿ ಸದ್ದಿಲ್ಲದೆ ನೀರಿಗಿಳಿದಿದ್ದಳು.

ದಡದಲ್ಲಿ ಪೈಪರ್ ಫೋನ್ ಹಿಡಿದು ಕಾದಿದ್ದಳು. "ಕಟ್! ಕಟ್! ಏನು ಎಂಟ್ರಿ ಗುರೂ! ಲೋ ಪೆದ್ದು, ಅವಳು ನಿಂತ್ಕೊಂಡಿದ್ಲು ಕಣೋ!"

ಅಂಗಸ್ ಬ್ರಯೋನಿಯ ಕಡೆ ತಿರುಗಿದ. "ನೀನೇ ಹೇಳು."

ಕ್ಷಮಿಸು ಎನ್ನಬಹುದಿತ್ತು. ತೆಪ್ಪಗಾದರೂ ಇರಬಹುದಿತ್ತು. ಅವಳು ಗೆಳತಿಯರ ಮುಖ ನೋಡಿದಳು... ನಕ್ಕುಬಿಟ್ಟಳು.

ನಾಟಕ ಆಡುವುದರಲ್ಲಿ ನಮ್ಮ ಹುಡುಗಿ ಎತ್ತಿದ ಕೈ! ಆಡಿದ ಮೇಲೆ ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿ ಅತ್ತಿದ್ದನ್ನು ಮಾತ್ರ ಯಾರೂ ವಿಡಿಯೊ ಮಾಡಲಿಲ್ಲ.

ಉಳಿದದ್ದೆಲ್ಲ ಊರು ಸುತ್ತಿತು. ಶಾಲೆಯಲ್ಲಿ ಅಂಗಸ್ ಕಂಡರೆ ಸಾಕು, ಸಾಲಾಗಿ ಕೈಗಳು ಮೇಲೇಳುತ್ತಿದ್ದವು. "ಕಾಪಾಡೋ! ನೀರಿನ ಬಾಟ್ಲಿಲಿ ಮುಳುಗ್ತಿದೀನಿ!" ಎಲ್ಲರ ಜೊತೆ ಬ್ರಯೋನಿಯೂ ಹಲ್ಲು ಕಿರಿಯುತ್ತಿದ್ದಳು. ಒಳಗೆ ಮಾತ್ರ... ಥೂ ನನ್ನ ಜನ್ಮಕ್ಕೆ!

ಮುಂದಿನ ಭಾನುವಾರ ನಿಜವಾದ ಕೈಯೊಂದು ಎದ್ದಿತು. ರಜೆಗೆ ಬಂದಿದ್ದ ಹೆಂಗಸೊಬ್ಬಳದು.

ಅಂಗಸ್ ನೋಡಿದ. ಓಡಲಿಲ್ಲ. ಯಾರು ಫೋನ್ ಹಿಡಿದಿದ್ದಾರೆ ಎಂದು ಮೊದಲು ದಡವೆಲ್ಲ ಹುಡುಕಿದ. ಅಷ್ಟರಲ್ಲಿ ಕಾವಲಿನ ನಾಯಕಿ ಗ್ಲೆನಿಸ್ ನೀರಿಗೆ ಹಾರಿಯಾಗಿತ್ತು.

ಹೆಂಗಸು ಬದುಕಿದಳು. ಅಂಗಸ್ ಮಾತ್ರ ಟೋಪಿ ಕಳಚಿ ಗ್ಲೆನಿಸ್ ಕೈಗಿಟ್ಟು, ತಲೆ ತಗ್ಗಿಸಿ ಹೊರಟುಹೋದ.

ದಡದಲ್ಲಿ ಟವೆಲ್ ಮೇಲೆ ಕೂತಿದ್ದ ಬ್ರಯೋನಿ ಎಲ್ಲವನ್ನೂ ನೋಡಿದಳು. ಅವನು ಅನುಮಾನಪಟ್ಟದ್ದು ಆ ಹೆಂಗಸಿನ ಮೇಲಲ್ಲ... ನನ್ನ ಮೇಲೆ!

ಪೈಪರ್ ತಿವಿದಳು. "ಯಾಕೆ, ಮುಖ ಸುಟ್ಟ ಸಾಸೇಜ್ ಥರ ಆಗಿದೆ? ಅದು ತಮಾಷೆ ಕಣೇ."

"ನಂಗೆ ಅವತ್ತೂ ನಗು ಬಂದಿರ್ಲಿಲ್ಲ, ಪೈಪರ್. ನಿಮಗೆ ಹೆದರಿ ನಕ್ಕಿದ್ದು."

ಅವಳು ಎದ್ದು ಗ್ಲೆನಿಸ್ ಕಡೆ ನಡೆದಳು. ಹಿಂದಿನಿಂದ ಕೂಗು ಬಂತು. "ಲೇ ಚಾಡಿಕೋರಿ!"

ಆ ಊರಿನ ಮಕ್ಕಳಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಬ್ರಯೋನಿಯ ಕಾಲು ಒಂದು ಕ್ಷಣ ನಿಂತೇಬಿಟ್ಟಿತು. ಆಮೇಲೆ ತಿರುಗಿ ಹೇಳಿದಳು, "ನಿನ್ನ ಹೆಸರು ಹೇಳಲ್ಲ. ನಂದು ಹೇಳ್ತೀನಿ."

ಸುಳ್ಳಿಗೆ ಕೈ ಎತ್ತಿದ್ದು ತಾನೇ ಎಂದು ಕಾವಲುಪಡೆಯ ಎಲ್ಲರೆದುರು ಹೇಳಿದಳು. ಗ್ಲೆನಿಸ್ ಒದ್ದೆ ಕೂದಲು ಹಿಂಡುತ್ತಾ ಕೇಳಿಸಿಕೊಂಡಳು. "ನಿನ್ ಕಥೆ ಆಮೇಲೆ ವಿಚಾರಿಸ್ಕೋತೀನಿ. ಮೊದ್ಲು ಅವನ ಹತ್ರ ಹೋಗು. ಚಿಪ್ಸ್ ಅಂಗಡಿ ಹಿಂದೆ ಇರ್ತಾನೆ."

ಅಂಗಡಿಯ ಹಿಂಬದಿಯ ಮೆಟ್ಟಿಲ ಮೇಲೆ ಅಂಗಸ್ ಕೂತಿದ್ದ. ತಿನ್ನದೆ ತಣ್ಣಗಾದ ಚಿಪ್ಸ್‌ಗಾಗಿ ಕಡಲಹಕ್ಕಿಗಳು ಜಗಳವಾಡುತ್ತಿದ್ದವು.

"ಇನ್ನೊಂದು ವಿಡಿಯೊ ಬೇಕಾ?"

"ಫೋನ್ ತಂದಿಲ್ಲ... ತಪ್ಪಾಯ್ತು ಅಂಗಸ್. ಅವ್ರು ನನ್ನ ಬಿಟ್ಬಿಡ್ತಾರೇನೋ ಅಂತ ಕೈ ಎತ್ತಿದೆ."

"ಕೈ ಎತ್ತಿದ್ದಕ್ಕೆ ಕೋಪ ಇಲ್ಲ. ನನ್ ಮೊಣಕಾಲಿಗೂ ಮರಳು ತಾಗಿತ್ತು. ಸುಳ್ಳು ಅಂತ ನೀರಲ್ಲೇ ಗೊತ್ತಾಯ್ತು."

ಬ್ರಯೋನಿ ಬೆಚ್ಚಿದಳು. "ಮತ್ತೆ... ಯಾಕೆ ಕರ್ಕೊಂಡ್ ಬಂದೆ?"

"ನೀನು ದಡದ ಕಡೆ ನೋಡ್ಕೊಂಡು ಗಡಗಡ ನಡುಗ್ತಿದ್ದೆ. ಇವಳಿಗೆ ಭಯ ಇರೋದು ನೀರಲ್ಲಿ ಅಲ್ಲ, ಆಚೆ ಅಂದ್ಕೊಂಡೆ. 'ನೀನೇ ಹೇಳು' ಅಂತ ಕೇಳ್ದೆ. ನೀನು ನಕ್ಕೆ."

ಅವಳ ಕಣ್ಣು ತುಂಬಿತು. "ನಂಗೆ ನೀನು ನೀರಲ್ಲೇ ಇಷ್ಟ ಆಗ್ಬಿಟ್ಟಿದ್ದೆ. ಇಷ್ಟ ಆದ್ರೂ ನಕ್ಕೆ..."

"ಅದೇ ಕಣೇ ಜಾಸ್ತಿ ಉರಿಯೋದು. ನಂಗೂ ಇಷ್ಟ ಆಗಿದ್ದೆ."

ಆಗಿದ್ದೆ... ಹಾಗಾದರೆ ಈಗ? ಕೇಳುವ ಧೈರ್ಯವಾಗಲಿಲ್ಲ.

"ಮತ್ತೆ ಕಾವಲಿಗೆ ಹೋಗಲ್ವಾ?"

"ಹೋಗ್ಬೇಕು. ಎಲ್ರೂ ನಗ್ತಾರೆ."

"ನಗ್ತಾರೆ. ನಾನೂ ಬಂದು ನಿನ್ ಪಕ್ಕ ನಿಂತ್ಕೋತೀನಿ. ಅರ್ಧ ನಗು ನಂಗಿರ್ಲಿ."

ಅಂಗಸ್ ಉಳಿದ ಚಿಪ್ಸನ್ನೂ ಹಕ್ಕಿಗಳತ್ತ ಚೆಲ್ಲಿದ. ಆಮೇಲೆ ಮೆಲ್ಲಗೆ ಒಂದು ಪಕ್ಕಕ್ಕೆ ಸರಿದ. ಮೆಟ್ಟಿಲ ಮೇಲೆ ಒಬ್ಬರಿಗಾಗುವಷ್ಟು ಜಾಗವಾಯಿತು.

"ಕೂತ್ಕೋ... ಇನ್ನೂ ಕ್ಷಮಿಸಿಲ್ಲ."

"ಗೊತ್ತು," ಎಂದು ಬ್ರಯೋನಿ ಕೂತಳು.